ವಾರಂಗಲ್ ಸೈಟು, ಕೊಚ್ಚಿ ಸೇತುವೆ, ದೆಹಲಿ ಬಸ್ಸು: ನಮ್ಮ ತಾಲೂಕು ಕೋರ್ಟಿಗೆ ಬಂದ ತೀರ್ಪುಗಳು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಈ ಮಾತು ಕೇಳದ ಊರು ನಮ್ಮ ಕಡೆ ಇಲ್ಲ. ಮಾತು ಸುಳ್ಳೇನೂ ಅಲ್ಲ. ಆದರೆ ಸೋತವನು ಯಾಕೆ ಸೋತ ಅನ್ನುವುದನ್ನು ಅದು ಹೇಳುವುದಿಲ್ಲ. ಹಳೆಯ ಸಿವಿಲ್ ತೀರ್ಪುಗಳನ್ನು ಕೂತು ಓದಿದರೆ ಒಂದು ವಿಷಯ ಪದೇ ಪದೇ ಕಾಣುತ್ತದೆ. ಸೋತವರಲ್ಲಿ ಬಹಳ ಮಂದಿಯ ಕಡೆ ನ್ಯಾಯ ಇತ್ತೋ ಇಲ್ಲವೋ ಅನ್ನುವ ಪ್ರಶ್ನೆಯೇ ಕೊನೆಗೆ ಬರುವುದಿಲ್ಲ. ಕೇಳಬೇಕಾದದ್ದನ್ನು ಕೇಳಲಿಲ್ಲ, ಬರೆಸಬೇಕಾದದ್ದನ್ನು ಬರೆಸಲಿಲ್ಲ, ಅಲ್ಲಿಗೇ ಕಥೆ ಮುಗಿದಿರುತ್ತದೆ.

ಈ ಬಾರಿ ನಾವು ಕೆಲವು ತೀರ್ಪುಗಳ ಕಥೆ ಹೇಳುತ್ತೇವೆ. 2008ರಿಂದ 2011ರವರೆಗಿನ ನಾಲ್ಕು ವರ್ಷಗಳಲ್ಲಿ ಬಂದವು. ಎಲ್ಲವನ್ನೂ ಬರೆದವರು ಒಬ್ಬರೇ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಬೆಂಗಳೂರಿನಲ್ಲಿ ವಕೀಲಿಕೆ ಮಾಡಿ, 1993ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮಧ್ಯಪ್ರದೇಶದ ಮುಖ್ಯ ನ್ಯಾಯಮೂರ್ತಿಯಾಗಿ, 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ಇವುಗಳಲ್ಲಿ ಒಂದು ಕೇಸೂ ನಮ್ಮ ರಾಜ್ಯದ್ದಲ್ಲ. ಆದರೂ ಇವತ್ತು ನಿಮ್ಮ ತಾಲೂಕು ಕೋರ್ಟಿನಲ್ಲಿ ಜಮೀನಿನದ್ದೋ ಅಪಘಾತದ್ದೋ ವಾದ ನಡೆದರೆ ಈ ಪೈಕಿ ಒಂದರ ಹೆಸರಾದರೂ ಕಿವಿಗೆ ಬೀಳುವುದು ಬಹುತೇಕ ಖಾತ್ರಿ.

ಮೊದಲನೆಯದು ವಾರಂಗಲ್ಲಿನದು. ಅಣ್ಣನೊಬ್ಬ 1961ರಲ್ಲಿ ತಂಗಿಗೆ ಒಂದು ಖಾಲಿ ಜಾಗವನ್ನು ಬಾಯಿ ಮಾತಿನಲ್ಲಿ ಕೊಟ್ಟನಂತೆ. ತೆಲಂಗಾಣದಲ್ಲಿ ಇದನ್ನು ‘ಪಸುಪು ಕುಂಕುಮ’ ಅನ್ನುತ್ತಾರೆ. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕೊಟ್ಟ ಜಮೀನು ಅನ್ನುತ್ತೇವಲ್ಲ, ಅದೇ. ಕಾಗದವಿಲ್ಲ, ಪತ್ರವಿಲ್ಲ. ಕೆಲವು ವರ್ಷದ ನಂತರ ತಂಗಿ ಆ ಜಾಗವನ್ನು ಇಬ್ಬರಿಗೆ ಮಾರಿದಳು. ಅವರು ಕ್ರಯಪತ್ರವನ್ನು ಸರಿಯಾಗಿಯೇ ರಿಜಿಸ್ಟರ್ ಮಾಡಿಸಿಕೊಂಡರು. ಆಮೇಲೆ 1977ರಲ್ಲಿ ಅದೇ ಜಾಗವನ್ನು ಅಣ್ಣ ಇನ್ನೊಬ್ಬನಿಗೆ ಮಾರಿದ. ಅದೂ ರಿಜಿಸ್ಟರ್ ಆಯಿತು. ಒಂದು ಜಾಗ, ಎರಡು ರಿಜಿಸ್ಟರ್ ಪತ್ರ. ಮೊದಲು ಕೊಂಡವರು ಮನೆ ಕಟ್ಟಲು ಹೋದಾಗ ಎರಡನೆಯವನು ಬಂದು ತಡೆದ.

ಮೊದಲು ಕೊಂಡವರು 1978ರಲ್ಲಿ ಕೋರ್ಟಿಗೆ ಹೋದರು. ಹೋಗಿ ಏನು ಕೇಳಿದರು? ‘ಜಾಗ ನಮ್ಮ ಸ್ವಾಧೀನದಲ್ಲಿದೆ, ಇವನು ಅಡ್ಡಿ ಮಾಡದಂತೆ ತಡೆಯಾಜ್ಞೆ ಕೊಡಿ’ ಎಂದು, ಅಷ್ಟೇ. ಜಾಗದ ಹಕ್ಕು ನಮ್ಮದು ಎಂದು ಘೋಷಿಸಿ ಅಂತ ಕೇಳಲಿಲ್ಲ. ಅಣ್ಣ ತಂಗಿಗೆ ಜಾಗ ಕೊಟ್ಟ ವಿಷಯವನ್ನು ದಾವೆಯಲ್ಲಿ ಬರೆಸಲೂ ಇಲ್ಲ.

ಕೆಳ ಕೋರ್ಟಿನಲ್ಲಿ ಗೆದ್ದರು. ಮೊದಲ ಅಪೀಲಿನಲ್ಲಿ ಸೋತರು. ಹೈಕೋರ್ಟಿನಲ್ಲಿ ಮತ್ತೆ ಗೆದ್ದರು. ಅನಾತುಲ ಸುಧಾಕರ್ ಪ್ರಕರಣ ಅಂತ ಈಗ ಎಲ್ಲರೂ ಕರೆಯುವ ಆ ಕೇಸಿನ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದದ್ದು 2008ರ ಮಾರ್ಚ್ 25ರಂದು. ಹೈಕೋರ್ಟಿನ ತೀರ್ಪು ಬಿದ್ದುಹೋಯಿತು, ದಾವೆ ವಜಾ ಆಯಿತು. ಜಾಗ ಯಾರದ್ದು ಎಂಬುದನ್ನು ಸುಪ್ರೀಂ ಕೋರ್ಟ್ ತೀರ್ಮಾನಿಸಲೇ ಇಲ್ಲ. ತೀರ್ಮಾನಿಸಿ ಅಂತ ಯಾರೂ ಕೇಳಿರಲಿಲ್ಲವಲ್ಲ! ದಾವೆ ಹೂಡಿ 30 ವರ್ಷ ಆಗಿತ್ತು.

ತೀರ್ಪಿನ ಒಳಗಿನ ಲೆಕ್ಕ ಹೀಗಿದೆ. ಜಮೀನು ನಿಮ್ಮ ಸ್ವಾಧೀನದಲ್ಲಿದ್ದು, ಹಕ್ಕಿನ ಬಗ್ಗೆ ನಿಜವಾದ ತಕರಾರು ಯಾರದ್ದೂ ಇಲ್ಲದೆ, ಯಾರೋ ಬದು ಒತ್ತುತ್ತಿದ್ದಾನೆ, ಬೇಲಿ ಕೀಳುತ್ತಿದ್ದಾನೆ ಅಂದರೆ ತಡೆಯಾಜ್ಞೆಯ ದಾವೆ ಸಾಕು. ಹಕ್ಕು ಸ್ಪಷ್ಟ ಇದ್ದು ಸ್ವಾಧೀನ ತಪ್ಪಿಹೋಗಿದ್ದರೆ ಬರೀ ತಡೆಯಾಜ್ಞೆ ಕೇಳಿ ಪ್ರಯೋಜನವಿಲ್ಲ, ಸ್ವಾಧೀನ ಕೊಡಿಸಿ ಅಂತಲೂ ಕೇಳಬೇಕು. ಎದುರಿನವನು ‘ಇದು ನನ್ನದೇ, ಇಗೋ ನನ್ನ ಪತ್ರ’ ಎಂದು ಹಕ್ಕಿಗೇ ಕೈ ಹಾಕಿದಾಗ ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಖಾಲಿ ಜಾಗದ ವಿಷಯದಲ್ಲಿ ಇದು ಇನ್ನೂ ಬಿಗಿ. ಉಳುಮೆ ಇರುವ ಹೊಲದಲ್ಲಾದರೆ ಯಾರು ಸ್ವಾಧೀನದಲ್ಲಿದ್ದಾರೆ ಅಂತ ಅಕ್ಕಪಕ್ಕದ ಹೊಲದವರು ಸಾಕ್ಷಿ ಹೇಳಬಹುದು. ಮುಳ್ಳುಗಿಡ ಬೆಳೆದ ಸೈಟಿನಲ್ಲಿ ಯಾರು ಇದ್ದಾರೆ ಅಂತ ಹೇಳುವುದು ಹೇಗೆ? ಅಲ್ಲಿ ಹಕ್ಕು ಯಾರದ್ದೋ ಸ್ವಾಧೀನವೂ ಅವರದ್ದೇ ಎಂದು ಕಾನೂನು ಭಾವಿಸುತ್ತದೆ. ಹಾಗಾಗಿ ಹಕ್ಕಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ದಾರಿಯೇ ಇಲ್ಲ.

ಇಷ್ಟಾದರೂ ನಮ್ಮ ತಾಲೂಕುಗಳಲ್ಲಿ ಇಂಜಂಕ್ಷನ್ ದಾವೆಗಳೇ ಯಾಕೆ ಇಷ್ಟೊಂದು? ಕಾರಣ ಸುಲಭ. ಅದಕ್ಕೆ ಕೋರ್ಟ್ ಫೀ ಕಡಿಮೆ. ಹಕ್ಕಿನ ಘೋಷಣೆ, ಸ್ವಾಧೀನ ಕೇಳಿದರೆ ಜಮೀನಿನ ಬೆಲೆಯ ಲೆಕ್ಕ ಬರುತ್ತದೆ. ಜೊತೆಗೆ ತಾತ್ಕಾಲಿಕ ತಡೆಯಾಜ್ಞೆ ಬೇಗ ಸಿಗುವ ಆಸೆ. ‘ಸ್ಟೇ ತಂದೆ’ ಎಂದು ಊರಿನಲ್ಲಿ ಹೇಳಿಕೊಂಡು ತಿರುಗುವುದರಲ್ಲಿ ಒಂದು ಗತ್ತೂ ಇದೆ. ಆ ಗತ್ತಿಗೆ ಮುಂದೆ ಮಕ್ಕಳು ಬೆಲೆ ಕಟ್ಟುತ್ತಾರೆ ಅನ್ನುವುದು ನಮ್ಮ ಅಭಿಪ್ರಾಯ. ವಕೀಲರ ಬಳಿ ಹೋದಾಗ ‘ಡಿಕ್ಲರೇಷನ್ ಕೇಳಿದ್ದೀರಾ ಸಾರ್?’ ಎಂಬ ಒಂದು ಪ್ರಶ್ನೆ ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ವಕೀಲರು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಕಾಗದ ಒಂದು ಕಡೆ, ಉಳುಮೆ ಇನ್ನೊಂದು ಕಡೆ ಆಗಿದ್ದಕ್ಕೆ ಬೇರೆಯದೇ ಇತಿಹಾಸ ಇದೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಅಳತೆಯ ಮೇಲೆ. ಅಲ್ಲಿಂದ ಎರಡು ದಶಕ ದಾಟಿ, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನೆಲ್ಲ ಅಂದೇ ಸರ್ಕಾರಕ್ಕೆ ಸೇರಿತು, ಉಳುವವನು ಫಾರಂ ನಂಬರ್ 7 ಹಾಕಿಕೊಂಡು ಹಕ್ಕು ಪಡೆಯಬೇಕಿತ್ತು. ಗಡುವು ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಗೇಣಿದಾರ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಿವಿಲ್ ಕೋರ್ಟಿನಿಂದ ಕಿತ್ತು ತಾಲೂಕಿನ ಭೂನ್ಯಾಯಮಂಡಳಿಗೆ ಕೊಟ್ಟರು. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದೂ ಕಾನೂನಿನಲ್ಲಿ ಬರೆದಿದ್ದರು. ಬಡ ಗೇಣಿದಾರನಿಗೆ ವಕೀಲನನ್ನು ಇಡುವ ಶಕ್ತಿ ಎಲ್ಲಿದೆ ಎಂಬುದು ಅದರ ಹಿಂದಿನ ಯೋಚನೆ. ಅದರಿಂದ ಲಕ್ಷಾಂತರ ಮನೆಗಳಲ್ಲಿ ಅನ್ನ ಬೆಂದಿತು, ನಿಜ. ಆದರೆ ಅರ್ಜಿ ಹಾಕಿದ್ದು ಮನೆಯ ಹಿರಿಯ ಒಬ್ಬನೇ, ಉಳುತ್ತಿದ್ದವರು ನಾಲ್ಕು ಜನ ಅಣ್ಣತಮ್ಮಂದಿರು. ಹಕ್ಕುಪತ್ರ ಬಂದದ್ದು ಒಬ್ಬನ ಹೆಸರಿಗೆ. ಇವತ್ತು ಆ ಮೊಮ್ಮಕ್ಕಳು ಪಾಲಿನ ದಾವೆಯಲ್ಲಿ ವಾದಿ ಪ್ರತಿವಾದಿ ಆಗಿ ಒಂದೇ ಬಸ್ಸಿನಲ್ಲಿ ವಾಯಿದೆಗೆ ಬರುವುದನ್ನು ನಾವು ನೋಡುತ್ತಲೇ ಇದ್ದೇವೆ.

ಪಹಣಿಯ ಬಗ್ಗೆಯೂ ಒಂದು ಮಾತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿಯಲ್ಲಿ ಹೆಸರು ಬಂದರೆ ಜಮೀನು ತನ್ನದಾಯಿತು ಎಂಬ ನಂಬಿಕೆ ಇನ್ನೂ ಗಟ್ಟಿಯಾಯಿತು. ಕರ್ನಾಟಕ ಭೂಕಂದಾಯ ಕಾಯಿದೆ ಹೇಳುವುದು ಅಷ್ಟಲ್ಲ. ಪಹಣಿಯ ನಮೂದು ಬೇರೆಯದು ಸಾಬೀತಾಗುವವರೆಗೆ ನಿಜ ಎಂದು ಭಾವಿಸಬೇಕು, ಅಷ್ಟೇ. ಅದು ಸಾಕ್ಷಿ. ಹಕ್ಕು ಹುಟ್ಟುವುದು ಕ್ರಯಪತ್ರದಿಂದ, ವಿಭಾಗಪತ್ರದಿಂದ, ದಾನಪತ್ರದಿಂದ, ಮಂಜೂರಾತಿಯಿಂದ, ವಾರಸುದಾರಿಕೆಯಿಂದ.

ಇದೇ ನ್ಯಾಯಮೂರ್ತಿ ನಿವೃತ್ತಿಯಾಗಲು ಕೆಲವೇ ದಿನ ಇದ್ದಾಗ, 2011ರ ಅಕ್ಟೋಬರ್ 11ರಂದು, ಇನ್ನೊಂದು ತೀರ್ಪು ಬರೆದರು. ಸೂರಜ್ ಲ್ಯಾಂಪ್ ಎಂಬ ಕಂಪನಿಯ ಕೇಸು, ಹರಿಯಾಣದ್ದು. ಅಗ್ರಿಮೆಂಟ್, ಜಿಪಿಎ, ಮರಣಶಾಸನ ಈ ಮೂರನ್ನು ಬರೆಸಿಕೊಂಡು ಪೂರ್ತಿ ಹಣ ಕೊಟ್ಟು ಜಾಗ ಕೊಳ್ಳುವ ಪದ್ಧತಿ ದೆಹಲಿ ಸುತ್ತಮುತ್ತ ಜೋರಾಗಿತ್ತು. ಸ್ಟಾಂಪ್ ಡ್ಯೂಟಿ ಉಳಿಯುತ್ತದೆ, ಕಪ್ಪು ಹಣ ಸಾಗುತ್ತದೆ. ಇಂಥ ಕಾಗದಗಳಿಂದ ಮಾಲೀಕತ್ವ ಬರುವುದಿಲ್ಲ, ರಿಜಿಸ್ಟರ್ ಆದ ಕ್ರಯಪತ್ರ ಒಂದರಿಂದಲೇ ಮಾರಾಟ ಆಗುವುದು ಎಂದು ಆ ತೀರ್ಪು ಕಡ್ಡಿ ಮುರಿದಂತೆ ಹೇಳಿತು. ಮಗನಿಗೋ ಹೆಂಡತಿಗೋ ವ್ಯವಹಾರ ನೋಡಿಕೊಳ್ಳಲೆಂದು ಕೊಡುವ ನಿಜವಾದ ಜಿಪಿಎಗೆ ಏನೂ ತೊಂದರೆ ಇಲ್ಲ ಎಂದೂ ಸೇರಿಸಿತು. ನಮ್ಮ ಕಡೆ ಊರ ಹೊರಗೆ ಕಲ್ಲು ನೆಟ್ಟು ಮಾರುವ ಸೈಟುಗಳನ್ನು ಸ್ಟಾಂಪ್ ಪೇಪರಿನ ಅಗ್ರಿಮೆಂಟ್ ಮೇಲೆ ಕೊಂಡವರು ಎಷ್ಟು ಮಂದಿ ಇದ್ದೀರೋ, ನಿಮಗೆ ಇದು ಗೊತ್ತಿರಲಿ. ಅಗ್ರಿಮೆಂಟ್ ಕೈಯಲ್ಲಿದ್ದರೆ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹೂಡಬಹುದು. ಅದಕ್ಕೆ ಅವಧಿ 3 ವರ್ಷ. ಕರಾರಿನಲ್ಲಿ ತಾರೀಕು ನಿಗದಿಯಾಗಿದ್ದರೆ ಅಂದಿನಿಂದ, ಇಲ್ಲದಿದ್ದರೆ ಎದುರಿನವನು ಮಾಡಿಕೊಡುವುದಿಲ್ಲ ಎಂದದ್ದು ನಿಮಗೆ ಗೊತ್ತಾದ ದಿನದಿಂದ.

ವ್ಯಾಪಾರದ ಕೇಸಿಗೆ ಕೊಚ್ಚಿಗೆ ಹೋಗೋಣ. ಕೊಚ್ಚಿ ಬಂದರಿನವರು 2001ರಲ್ಲಿ ಸೇತುವೆ ರಸ್ತೆಗಳ ಕೆಲಸವನ್ನು ಆಫ್ಕಾನ್ಸ್ ಎಂಬ ದೊಡ್ಡ ಕಂಪನಿಗೆ ಕೊಟ್ಟರು. ಅದು ಕೆಲಸದ ಒಂದು ಭಾಗವನ್ನು ಕೇರಳದ ಚೆರಿಯನ್ ವರ್ಕಿ ಎಂಬ ಗುತ್ತಿಗೆ ಸಂಸ್ಥೆಗೆ ತುಂಡುಗುತ್ತಿಗೆ ಕೊಟ್ಟಿತು. ಹಣದ ಜಗಳ ಬಂತು. ತುಂಡುಗುತ್ತಿಗೆಯವರು 2 ಕೋಟಿ 10 ಲಕ್ಷಕ್ಕೂ ಹೆಚ್ಚು ಬರಬೇಕೆಂದು ದಾವೆ ಹೂಡಿದರು. ನಡುವೆ ಅವರೇ ‘ಇದನ್ನು ಆರ್ಬಿಟ್ರೇಷನ್ನಿಗೆ ಕಳಿಸಿ’ ಎಂದು ಅರ್ಜಿ ಹಾಕಿದರು. ದೊಡ್ಡ ಕಂಪನಿ ಒಪ್ಪಲಿಲ್ಲ, ಆದರೂ ಕೋರ್ಟು ಕಳಿಸಿತು, ಹೈಕೋರ್ಟೂ ಸರಿ ಎಂದಿತು. 2010ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರ್ಬಿಟ್ರೇಷನ್ ಅಂದರೆ ಕೋರ್ಟನ್ನು ಬಿಟ್ಟು ಖಾಸಗಿ ತೀರ್ಪುಗಾರನ ಕೈಗೆ ಪೂರ್ತಿ ಒಪ್ಪಿಸುವುದು. ಕರಾರಿನಲ್ಲಿ ಬರೆದಿರಬೇಕು, ಇಲ್ಲವಾದರೆ ಇಬ್ಬರೂ ಒಪ್ಪಬೇಕು. ಮೀಡಿಯೇಷನ್, ಲೋಕ ಅದಾಲತ್ ಹಾಗಲ್ಲ. ಅಲ್ಲಿ ಕೂತು ಮಾತಾಡುವುದು ಮಾತ್ರ, ಒಪ್ಪದಿದ್ದರೆ ಎದ್ದು ಬಂದು ಕೇಸು ಮುಂದುವರಿಸಬಹುದು. ಆದ್ದರಿಂದ ಅಲ್ಲಿಗೆ ಕಳಿಸಲು ನ್ಯಾಯಾಧೀಶರಿಗೆ ಇಬ್ಬರ ಒಪ್ಪಿಗೆ ಬೇಕಿಲ್ಲ.

ಆ ತೀರ್ಪಿನಲ್ಲಿ ಒಂದು ತಮಾಷೆ ಇದೆ. ರಾಜಿಗೆ ಕಳಿಸಲು ಕೋರ್ಟಿಗೆ ಅಧಿಕಾರ ಕೊಡುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ, 2002ರ ಜುಲೈ 1ರಿಂದ ಜಾರಿಯಲ್ಲಿರುವುದು. ಅದರಲ್ಲಿ ‘ಮೀಡಿಯೇಷನ್’ ಎಂಬ ಪದಕ್ಕೆ ಕೊಡಬೇಕಾದ ಅರ್ಥವನ್ನು ‘ನ್ಯಾಯಾಂಗ ರಾಜಿ’ಗೂ, ಅದರದ್ದನ್ನು ಇದಕ್ಕೂ ಅದಲುಬದಲು ಮಾಡಿ ಅಚ್ಚಾಗಿತ್ತು. ನ್ಯಾಯಮೂರ್ತಿಗಳು ಅದನ್ನು ಎತ್ತಿ ತೋರಿಸಿ, ಎರಡನ್ನೂ ತಿರುಗಿಸಿ ಓದಿಕೊಳ್ಳಬೇಕು ಎಂದರು. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ನಾವು ಗ್ರಾಮ ಲೆಕ್ಕಿಗರನ್ನು ಬೈಯುತ್ತೇವೆ. ದೆಹಲಿಯಲ್ಲೂ ಹೀಗಾಗುತ್ತದೆ.

ಯಾವ ಕೇಸನ್ನು ರಾಜಿಗೆ ಕಳಿಸಬಹುದು ಎಂದು ತೀರ್ಪು ವಿಂಗಡಿಸಿತ್ತು. ಫೋರ್ಜರಿ, ವಂಚನೆಯ ಗಂಭೀರ ಆರೋಪ ಇದ್ದರೆ ಕೂಡದು. ವ್ಯಾಪಾರ, ಪಾಲುದಾರಿಕೆ, ಅಣ್ಣತಮ್ಮಂದಿರ ಪಾಲು, ಅಕ್ಕಪಕ್ಕದವರ ಬದುವಿನ ಜಗಳ, ಅಪಘಾತದ ಪರಿಹಾರ ಇವೆಲ್ಲ ಆಗುತ್ತವೆ. ಬೆಂಗಳೂರಿನಲ್ಲಿ 2007ರಲ್ಲೇ ಮೀಡಿಯೇಷನ್ ಕೇಂದ್ರ ಶುರುವಾಗಿತ್ತು. ಲೋಕ ಅದಾಲತ್ತಿನಲ್ಲಿ ಕೇಸು ಮುಗಿದರೆ ಕಟ್ಟಿದ ಕೋರ್ಟ್ ಫೀ ಪೂರ್ತಿ ವಾಪಸ್. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಸಹಿ ಹಾಕುವ ಮುಂಚೆ ಬರೆದದ್ದನ್ನು ಓದಿಸಿ ಕೇಳುವುದು ಕ್ಷೇಮ.

ಕೋಟಿಗಳ ಸೇತುವೆಗೂ ಊರ ವ್ಯವಹಾರಕ್ಕೂ ಏನು ಸಂಬಂಧ ಅನ್ನಬೇಡಿ. ಇಬ್ಬರು ಸ್ನೇಹಿತರು ಸೇರಿ ಬೋರ್‌ವೆಲ್ ಲಾರಿ ತೆಗೆದುಕೊಂಡಿರುತ್ತಾರೆ. ಪಾಲುದಾರಿಕೆ ನೋಂದಣಿ ಮಾಡಿಸಿರುವುದಿಲ್ಲ. ಬಾಕಿ ಕೊಡದ ಗಿರಾಕಿಯ ಮೇಲೆ ಆ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡಲು 1932ರ ಪಾಲುದಾರಿಕೆ ಕಾಯಿದೆ ಬಿಡುವುದಿಲ್ಲ. ಕೈಸಾಲದ ಪ್ರಾಮಿಸರಿ ನೋಟಿಗೆ 3 ವರ್ಷ. ಆ 3 ವರ್ಷ ಮುಗಿಯುವ ಮೊದಲು ಸಾಲಗಾರ ಸ್ವಲ್ಪ ಹಣ ಕಟ್ಟಿ, ಕಟ್ಟಿದ್ದನ್ನು ತನ್ನ ಕೈಯಾರೆ ಬರೆದರೆ ಅಥವಾ ಸಹಿ ಹಾಕಿದರೆ ಮತ್ತೆ 3 ವರ್ಷ ಹೊಸದಾಗಿ ಸಿಗುತ್ತದೆ. ‘ಸಂಬಂಧಿಕರ ಹತ್ತಿರ ಸಹಿ ಏನು ಕೇಳೋದು’ ಎಂದು ಸುಮ್ಮನಿದ್ದವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಸಂಬಂಧವನ್ನೂ.

ಇನ್ನು ದೆಹಲಿಯ ಬಸ್ಸು. 1988ರ ಏಪ್ರಿಲ್‌ನಲ್ಲಿ ದೆಹಲಿ ಸಾರಿಗೆ ಸಂಸ್ಥೆಯ ಬಸ್ಸಿನ ಅಪಘಾತದಲ್ಲಿ ಗಾಯಗೊಂಡು 38 ವರ್ಷದ ಕೃಷಿ ವಿಜ್ಞಾನಿಯೊಬ್ಬರು ತೀರಿಕೊಂಡರು. ಹೆಂಡತಿ, ಮೂವರು ಸಣ್ಣ ಮಕ್ಕಳು, ತಂದೆ ತಾಯಿ, ಅಜ್ಜ, ಒಟ್ಟು ಏಳು ಜನ ಅವರನ್ನೇ ನಂಬಿದ್ದರು. ಸರಳಾ ವರ್ಮಾ ಪ್ರಕರಣ ಎಂದು ಪ್ರಸಿದ್ಧವಾದ ಇದರ ಅಂತಿಮ ತೀರ್ಪು 2009ರ ಏಪ್ರಿಲ್ 15ರಂದು ಬಂತು. ಅದಕ್ಕೂ ಮೊದಲು ಪರಿಹಾರದ ಲೆಕ್ಕ ಒಂದೊಂದು ಟ್ರಿಬ್ಯೂನಲ್ಲಿನಲ್ಲಿ ಒಂದೊಂದು ಥರ ಇತ್ತು. ಒಂದೇ ವಯಸ್ಸು, ಒಂದೇ ಸಂಬಳದ ಇಬ್ಬರು ಸತ್ತರೆ ಒಂದು ಮನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಆ ತೀರ್ಪು ಒಂದು ಕೋಷ್ಟಕ ಮಾಡಿತು.

ಆ ಲೆಕ್ಕ ಗೊತ್ತಿದ್ದರೆ ಯಾರೂ ನಿಮಗೆ ಟೋಪಿ ಹಾಕಲಾಗುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ. ಆ ವಿಜ್ಞಾನಿಯ ತಿಂಗಳ ಆದಾಯ 4,004 ರೂಪಾಯಿ. ಕಾಯಂ ನೌಕರಿ, 40ರ ಒಳಗಿನ ವಯಸ್ಸು, ಮುಂದೆ ಸಂಬಳ ಏರುತ್ತಿತ್ತು ಎಂದು ಅರ್ಧದಷ್ಟು ಸೇರಿಸಿ 6,006. ಬದುಕಿದ್ದರೆ ತನ್ನ ಖರ್ಚಿಗೂ ಬೇಕಿತ್ತಲ್ಲ, ಅವಲಂಬಿತರು ಆರಕ್ಕಿಂತ ಹೆಚ್ಚು ಇದ್ದದ್ದರಿಂದ ಐದನೇ ಒಂದು ಭಾಗ ಕಳೆದರು. ವರ್ಷಕ್ಕೆ ಸುಮಾರು 57,658. 36ರಿಂದ 40ರ ವಯಸ್ಸಿಗೆ ಗುಣಕ 15. ಇತರೆ ಬಾಬ್ತು 20,000 ಸೇರಿ ಒಟ್ಟು 8,84,870 ರೂಪಾಯಿ. ಹೈಕೋರ್ಟ್ ಕೊಟ್ಟಿದ್ದು 7,19,624.

ಇದರಲ್ಲಿ ಕೂಲಿಯವರಿಗೆ, ಸ್ವಂತ ಕೆಲಸದವರಿಗೆ ಒಂದು ಕೊರತೆ ಉಳಿದಿತ್ತು. ‘ಮುಂದೆ ಆದಾಯ ಏರುತ್ತಿತ್ತು’ ಎಂಬ ಸೇರ್ಪಡೆ ಕಾಯಂ ನೌಕರರಿಗೆ ಮಾತ್ರ. ಗಾರೆ ಕೆಲಸದವನ ಕೂಲಿ ಏರುವುದಿಲ್ಲವೇ? 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಸರಿ ಮಾಡಿ, 40ರ ಒಳಗಿನ ಸ್ವಂತ ಉದ್ಯೋಗದವರಿಗೆ ಶೇ 40 ಸೇರಿಸಬೇಕು ಎಂದಿತು. ಈಗ ಲೆಕ್ಕ ಹಾಕಿ ನೋಡಿ. 30 ವರ್ಷದ ಗಾರೆ ಕೆಲಸಗಾರ, ತಿಂಗಳಿಗೆ 12,000 ದುಡಿಮೆ ಎಂದಿಟ್ಟುಕೊಳ್ಳಿ. ಶೇ 40 ಸೇರಿ 16,800. ಹೆಂಡತಿ, ತಾಯಿ, ಇಬ್ಬರು ಮಕ್ಕಳು, ನಾಲ್ವರು ಅವಲಂಬಿತರು, ಆದ್ದರಿಂದ ಕಾಲು ಭಾಗ ಕಳೆದು 12,600. ವರ್ಷಕ್ಕೆ 1,51,200. 26ರಿಂದ 30ರ ವಯಸ್ಸಿಗೆ ಗುಣಕ 17. ಒಟ್ಟು 25,70,400, ಇತರೆ ಬಾಬ್ತು ಬೇರೆ. ಅಪಘಾತವಾದ ವಾರದಲ್ಲೇ ಮನೆಗೆ ಬಂದು ‘ಮೂರು ಲಕ್ಷ ಕೊಡಿಸ್ತೀವಿ, ಮುಗಿಸಿಬಿಡಿ’ ಎನ್ನುವ ದಲ್ಲಾಳಿಗಳಿದ್ದಾರಲ್ಲ, ಅವರೆದುರು ಈ ಲೆಕ್ಕ ಇಡಿ. ದುಡಿಮೆಗೆ ಕಾಗದ ಇಲ್ಲ ಎಂದೂ ಹೆದರಬೇಕಿಲ್ಲ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಯಾವ ವರ್ಷದ ಅಪಘಾತಕ್ಕೆ ಎಷ್ಟು ಆದಾಯ ಹಿಡಿಯಬೇಕು ಎಂಬ ಪಟ್ಟಿ ಇಟ್ಟಿದೆ, ದಾಖಲೆ ಇಲ್ಲದಾಗ ಕೋರ್ಟುಗಳು ಅದನ್ನು ನೋಡುತ್ತವೆ.

ಸಾಯದೆ ಕೈಕಾಲು ಕಳೆದುಕೊಂಡವರ ಲೆಕ್ಕ ಬೇರೆ. 2010ರ ಅಕ್ಟೋಬರ್‌ನಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ, ಕಾಲು ಮುರಿದುಕೊಂಡ ಒಬ್ಬ ಸಣ್ಣ ವ್ಯಾಪಾರಿಯ ಅಪೀಲಿನಲ್ಲಿ, ರವೀಂದ್ರನ್ ಅವರು ಇದನ್ನು ಬಿಡಿಸಿ ಹೇಳಿದರು. ಡಾಕ್ಟರು ಕಾಲಿಗೆ ಶೇ 45 ಊನ ಎಂದು ಬರೆದರೆ ಅದು ಇಡೀ ದೇಹದ ಊನವಲ್ಲ, ದೇಹದ ಊನವೇ ದುಡಿಮೆಯ ನಷ್ಟವೂ ಅಲ್ಲ. ಎಡಗೈ ಹೋದ ಬಡಗಿಗೋ ಡ್ರೈವರಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಕೈ ಹೋದ ಸರ್ಕಾರಿ ಗುಮಾಸ್ತನ ಕೆಲಸ ಉಳಿದಿರಬಹುದು. ಆದ್ದರಿಂದ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂಬುದನ್ನು ಸಾಕ್ಷಿಯ ಮೂಲಕ ಹೇಳಬೇಕು. ಚಿಕಿತ್ಸೆಯನ್ನೇ ಕೊಡದ ಡಾಕ್ಟರಿಂದ ಸಿದ್ಧ ಸರ್ಟಿಫಿಕೇಟ್ ತರುವ ಚಾಳಿಯ ಬಗ್ಗೆಯೂ ಆ ತೀರ್ಪು ಎಚ್ಚರಿಸಿದೆ. ಚಿಕಿತ್ಸೆ ಮಾಡಿದ ಡಾಕ್ಟರೇ ಬಂದು ಸಾಕ್ಷಿ ಹೇಳಿದರೆ ಅದಕ್ಕೆ ಸಿಗುವ ತೂಕವೇ ಬೇರೆ.

ಅಪಘಾತ ಪುಣೆಯಲ್ಲೋ ಗೋವಾದಲ್ಲೋ ಆಗಿದ್ದರೂ ಪರಿಹಾರದ ಅರ್ಜಿಯನ್ನು ನೀವು ವಾಸವಿರುವ ಊರಿನ ವ್ಯಾಪ್ತಿಯ ಟ್ರಿಬ್ಯೂನಲ್ಲಿನಲ್ಲಿ ಹಾಕಬಹುದು. ದುಡಿಯಲು ಹೋದವರ ಮನೆಯವರು ಇದನ್ನು ತಿಳಿಯದೆ ಪರರಾಜ್ಯಕ್ಕೆ ಅಲೆಯುತ್ತಾರೆ. ಗಡುವಿನ ಕಥೆ ಹಾವು ಏಣಿ ಆಟದ ಹಾಗೆ. 1988ರ ಕಾಯಿದೆಯಲ್ಲಿ ಆರು ತಿಂಗಳು ಇತ್ತು, 1994ರಲ್ಲಿ ತೆಗೆದರು, 2022ರ ಏಪ್ರಿಲ್ 1ರಿಂದ ಮತ್ತೆ ಆರು ತಿಂಗಳು ತಂದರು. ಅದರ ಮೇಲೂ ಕೋರ್ಟುಗಳಲ್ಲಿ ತಕರಾರು ಎದ್ದಿದೆ. ತಕರಾರು ಏನಾದರೂ ಆಗಲಿ, ತಿಥಿ ಮುಗಿದ ಮೇಲೆ ತಡಮಾಡದೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆ ವರದಿ, ಗಾಡಿಯ ಇನ್ಶೂರೆನ್ಸ್ ವಿವರ ಕೂಡಿಸಿಕೊಂಡು ಹೊರಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದಿಂದ ವಕೀಲರು ಉಚಿತ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ ಇರುತ್ತದೆ, ಫೋನಿನಲ್ಲಾದರೆ 15100.